ನರಮಂಡಲ ಮತ್ತು ಚಯಾಪಚಯ ರೋಗಗಳು

ಉಂಡ ಆಹಾರ ಶಕ್ತಿಯಾಗುವುದು, ಮಿಕ್ಕದ್ದು ಕೊಬ್ಬಾಗಿ ಕೂಡಿಕೊಳ್ಳುವುದು, ಹಸಿವಿನ ಹೊತ್ತಿನಲ್ಲಿ ಆ ಕೂಡಿಟ್ಟದ್ದು ಕರಗಿ ಮತ್ತೆ ರಕ್ತಕ್ಕೆ ಸೇರುವುದು, ಇವೆಲ್ಲ ಒಟ್ಟಾಗಿ ಚಯಾಪಚಯ ಎನಿಸಿಕೊಳ್ಳುತ್ತವೆ. ಇದರ ಹದ ತಪ್ಪಿದಾಗ ಬೊಜ್ಜು, ಎರಡನೆಯ ಬಗೆಯ ಮಧುಮೇಹ, ಯಕೃತ್ತಿನಲ್ಲಿ ಕೊಬ್ಬು ಕಟ್ಟುವಿಕೆ, ರಕ್ತದ ಕೊಬ್ಬಿನಂಶದ ಏರುಪೇರು ತಲೆದೋರುತ್ತವೆ. ಭಾರತದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ 2023ರಲ್ಲಿ ಅಂದಾಜು ಮಾಡಿತು. ಇಷ್ಟು ಜನರನ್ನು ಹಿಡಿದ ಕಾಯಿಲೆಗೆ ನಮ್ಮಲ್ಲಿ ರೂಢಿಯಲ್ಲಿರುವ ವಿವರಣೆಗಳು ಎರಡು. ವೈದ್ಯರ ಕೋಣೆಯಲ್ಲಿ ಕೇಳಿಬರುವುದು ಮೇದೋಜೀರಕ ಗ್ರಂಥಿಯ ಕಥೆ: ಇನ್ಸುಲಿನ್ ಸಾಲುತ್ತಿಲ್ಲ, ಇಲ್ಲವೇ ಇರುವ ಇನ್ಸುಲಿನ್ನಿಗೆ ಮೈ ಬಗ್ಗುತ್ತಿಲ್ಲ. ಮನೆಯಲ್ಲಿ ಕೇಳಿಬರುವುದು ನಾಲಿಗೆಯ ಕಥೆ: ಬಾಯಿ ಕಟ್ಟಲಿಲ್ಲ, ಮೈ ಬಗ್ಗಿಸಲಿಲ್ಲ, ಈಗ ಅನುಭವಿಸುತ್ತಿದ್ದಾರೆ. ಎರಡರಲ್ಲೂ ಸತ್ಯದ ಅಂಶವುಂಟು. ಆದರೆ ಹಸಿವನ್ನು ಹುಟ್ಟಿಸುವುದು, ಹೊಟ್ಟೆ ತುಂಬಿತೆಂದು ತೀರ್ಮಾನಿಸುವುದು, ಸಕ್ಕರೆ ಬಿಡುವಂತೆ ಯಕೃತ್ತಿಗೂ ಕರಗುವಂತೆ ಕೊಬ್ಬಿಗೂ ಅಪ್ಪಣೆ ಕೊಡುವುದು ನರಮಂಡಲ. ಅದು ಈ ಎರಡೂ ಕಥೆಗಳಲ್ಲಿ ಬಿಟ್ಟುಹೋಗಿದೆ. ದೇಹದ ತೂಕದ ಮುಖ್ಯ ಆಡಳಿತಗಾರ ಮಿದುಳು. ರಕ್ತದ ಸಕ್ಕರೆಯ ಆಡಳಿತದಲ್ಲಿ ಅದು ಪಾಲುದಾರ ಮಾತ್ರ. ಒಂದೂಮುಕ್ಕಾಲು ಶತಮಾನದ ಪುರಾವೆಗಳು ನಮ್ಮನ್ನು ತಂದು ನಿಲ್ಲಿಸುವುದು ಈ ಜೋಡಿ ನಿರ್ಣಯಕ್ಕೆ. ಎರಡನ್ನೂ ಬೆರೆಸಿಬಿಟ್ಟವರು ಒಂದೋ ಮಿದುಳನ್ನು ಮರೆತಿದ್ದಾರೆ, ಇಲ್ಲವೇ ಎಲ್ಲವನ್ನೂ ಮಿದುಳಿನ ತಲೆಗೆ ಕಟ್ಟಿದ್ದಾರೆ.

ಈ ಅಧ್ಯಯನ ಶುರುವಾದದ್ದು ಸಕ್ಕರೆಯಿಂದಲೇ. 1849ರಲ್ಲಿ ಪ್ಯಾರಿಸ್ಸಿನ ಶರೀರಶಾಸ್ತ್ರಜ್ಞ ಕ್ಲಾಡ್ ಬರ್ನಾರ್ಡ್ ಮೊಲದ ಮಿದುಳಿನ ಬುಡದಲ್ಲಿ, ನಾಲ್ಕನೆಯ ಕುಹರದ ತಳಕ್ಕೆ, ಸೂಜಿ ಚುಚ್ಚಿದರು. ಸ್ವಲ್ಪ ಹೊತ್ತಿನಲ್ಲಿ ಆ ಮೊಲದ ಮೂತ್ರದಲ್ಲಿ ಸಕ್ಕರೆ ಕಾಣಿಸಿತು. ಮಿದುಳಿನಿಂದ ಹೊಟ್ಟೆಗೆ ಇಳಿಯುವ ವೇಗಸ್ ನರವನ್ನು ಕತ್ತರಿಸಿದರೂ ಈ ಪರಿಣಾಮ ನಿಲ್ಲಲಿಲ್ಲ. ಬೆನ್ನುಹುರಿಯ ಮೂಲಕ ಹೋಗುವ ಹಾದಿಯನ್ನು ಕಡಿದಾಗ ನಿಂತಿತು. ಆ ಹಾದಿಯಲ್ಲಿ ಸಾಗುವ ಸಂಕೇತ ಅಡ್ರಿನಲ್ ಗ್ರಂಥಿಯಿಂದ ಅಡ್ರಿನಲಿನ್ ಬಿಡಿಸುತ್ತದೆ, ಯಕೃತ್ತಿನಲ್ಲಿ ಕೂಡಿಟ್ಟ ಗ್ಲೈಕೋಜನ್ ಒಡೆದು ಸಕ್ಕರೆಯಾಗಿ ರಕ್ತಕ್ಕೆ ಬೀಳುತ್ತದೆ ಎಂಬುದು ಆಮೇಲೆ ತಿಳಿಯಿತು. ಗ್ಲೈಕೋಜನ್ನನ್ನು ಯಕೃತ್ತಿನಿಂದ ಬೇರ್ಪಡಿಸಿ ತೋರಿಸಿದವರೂ ಬರ್ನಾರ್ಡರೇ. ಮಧುಮೇಹ ನರಗಳ ಕಾಯಿಲೆಯಿರಬಹುದು ಎಂಬ ಊಹೆ ಕೆಲವು ದಶಕ ಬಲವಾಗಿಯೇ ಇತ್ತು. 1889ರಲ್ಲಿ ಸ್ಟ್ರಾಸ್‌ಬರ್ಗಿನ ಆಸ್ಕರ್ ಮಿಂಕೋವ್‌ಸ್ಕಿ ಮತ್ತು ಯೋಸೆಫ್ ಫಾನ್ ಮೆರಿಂಗ್ ನಾಯಿಯ ಮೇದೋಜೀರಕ ಗ್ರಂಥಿಯನ್ನು ತೆಗೆದಾಗ ಅದಕ್ಕೆ ತೀವ್ರ ಮಧುಮೇಹ ಬಂತು. 1921ರಲ್ಲಿ ಟೊರಾಂಟೊದಲ್ಲಿ ಇನ್ಸುಲಿನ್ ದೊರೆಯಿತು. ಸಾವಿನ ಅಂಚಿನಲ್ಲಿದ್ದ ಮಕ್ಕಳು ಎದ್ದು ಕೂತರು. ಅಂಥ ಗೆಲುವಿನ ಎದುರು ನರಗಳ ಮಾತು ಹಿಂದೆ ಸರಿದದ್ದು ಸಹಜ, ನ್ಯಾಯವೂ ಹೌದು. ಮೊಲದ ಮೂತ್ರದಲ್ಲಿ ಬಂದ ಸಕ್ಕರೆ ಕೆಲವು ಗಂಟೆಗಳದ್ದು. ಗ್ರಂಥಿ ಕಳೆದುಕೊಂಡ ನಾಯಿಯ ಕಾಯಿಲೆ ಪ್ರಾಣ ತೆಗೆಯುವಂಥದ್ದು. ಆದರೂ ಬರ್ನಾರ್ಡರ ಪ್ರಯೋಗ ತಪ್ಪೆಂದು ಯಾರೂ ತೋರಿಸಲಿಲ್ಲ. ಅದನ್ನು ಮರೆತರು, ಅಷ್ಟೆ.

ಮಿದುಳಿನ ಅಪ್ಪಣೆ ಅಂಗಾಂಗಗಳನ್ನು ತಲುಪುವ ದಾರಿಗಳು ಎರಡು ಬಗೆಯವು. ಒಂದು ನೇರವಾದ ನರಗಳದ್ದು. ನಮ್ಮ ಇಚ್ಛೆಗೆ ಸಿಗದ ಸ್ವಾಯತ್ತ ನರಮಂಡಲದಲ್ಲಿ ಅನುವೇದನಾ ವಿಭಾಗ ಯಕೃತ್ತಿನಿಂದ ಸಕ್ಕರೆಯನ್ನು, ಕೊಬ್ಬಿನ ಕೋಶಗಳಿಂದ ಕೊಬ್ಬಿನಾಮ್ಲಗಳನ್ನು ಬಿಡಿಸುತ್ತದೆ, ಇನ್ಸುಲಿನ್ ಸ್ರವಿಕೆಯನ್ನು ತಡೆಯುತ್ತದೆ, ಕಂದು ಕೊಬ್ಬನ್ನು ಉರಿಸಿ ಮೈ ಬೆಚ್ಚಗಿಡುತ್ತದೆ. ಪರಾನುವೇದನಾ ವಿಭಾಗ ಮುಖ್ಯವಾಗಿ ವೇಗಸ್ ನರದ ಮೂಲಕ ಕೆಲಸ ಮಾಡುತ್ತದೆ; ಊಟದ ಹೊತ್ತಿಗೆ ಜೀರ್ಣರಸಗಳನ್ನೂ ಇನ್ಸುಲಿನ್ನನ್ನೂ ಹರಿಸುವುದಕ್ಕೆ ನೆರವಾಗುತ್ತದೆ. ತುತ್ತು ಹೊಟ್ಟೆಗಿಳಿಯುವ ಮೊದಲೇ, ರುಚಿ ವಾಸನೆಗಳಿಂದಲೇ, ಜಠರರಸ ಸುರಿಯುತ್ತದೆ ಎಂಬುದನ್ನು ನಾಯಿಗಳಲ್ಲಿ ತೋರಿಸಿದ ಇವಾನ್ ಪಾವ್ಲೊವ್ 1904ರಲ್ಲಿ ನೊಬೆಲ್ ಬಹುಮಾನ ಪಡೆದರು. ವೇಗಸ್ ನರದ ಎಳೆಗಳಲ್ಲಿ ಹೆಚ್ಚಿನ ಪಾಲು, ಸುಮಾರು ನೂರಕ್ಕೆ ಎಂಬತ್ತು, ಅಪ್ಪಣೆ ಹೊರುವಂಥವಲ್ಲ. ಹೊಟ್ಟೆ, ಕರುಳು, ಯಕೃತ್ತುಗಳ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವಂಥವು. ಇನ್ನೊಂದು ದಾರಿ ಹಾರ್ಮೋನುಗಳದ್ದು. ಮಿದುಳಿನ ತಳದಲ್ಲಿರುವ ಹೈಪೋಥಲಮಸ್ ತನ್ನ ಕೆಳಗಿನ ಪಿಟ್ಯುಟರಿ ಗ್ರಂಥಿಗೆ, ಪಿಟ್ಯುಟರಿ ಅಡ್ರಿನಲ್ ಗ್ರಂಥಿಗೆ ಹೇಳಿ ಕಾರ್ಟಿಸೋಲ್ ಬಿಡಿಸುವ ಸರಣಿ ಇದರಲ್ಲಿ ಹೆಸರಾದದ್ದು. ಈ ದಾರಿಗಳ ಇರುವಿಕೆಯ ಬಗ್ಗೆ ಯಾರಿಗೂ ತಕರಾರಿಲ್ಲ. ತಕರಾರಿರುವುದು ಅವು ಎಷ್ಟು ಮುಖ್ಯ ಎಂಬುದರ ಬಗ್ಗೆ.

ತೂಕದ ವಿಷಯದಲ್ಲಿ ಇದಕ್ಕೆ ಉತ್ತರ ಬಹಳ ಮಟ್ಟಿಗೆ ಸಿಕ್ಕಿದೆ. 1901ರಲ್ಲಿ ವಿಯೆನ್ನಾದ ಆಲ್ಫ್ರೆಡ್ ಫ್ರೋಲಿಕ್ ಪಿಟ್ಯುಟರಿಯ ಬಳಿ ಗಡ್ಡೆಯಾಗಿ ವಿಪರೀತ ದಪ್ಪಗಾದ ಒಬ್ಬ ಹುಡುಗನನ್ನು ಕುರಿತು ಬರೆದಾಗ, ದೋಷ ಪಿಟ್ಯುಟರಿಯದ್ದೋ ಅದರ ಮೇಲಿನ ಹೈಪೋಥಲಮಸ್ಸಿನದ್ದೋ ಎಂಬ ವಾದ ಹುಟ್ಟಿತು. 1940ರಲ್ಲಿ ಅಮೆರಿಕದ ಹೆದರಿಂಗ್ಟನ್ ಮತ್ತು ರ್‍ಯಾನ್ಸನ್ ಪಿಟ್ಯುಟರಿಯನ್ನು ಮುಟ್ಟದೆ ಇಲಿಗಳ ಹೈಪೋಥಲಮಸ್ಸಿನ ಒಳಪಕ್ಕದ ಕೆಳಭಾಗವನ್ನಷ್ಟೇ ಸುಟ್ಟರು. ಇಲಿಗಳು ಬೊಜ್ಜಿನ ಮುದ್ದೆಗಳಾದವು. 1951ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಬಾಲಕೃಷ್ಣ ಆನಂದ್ ಮತ್ತು ಜಾನ್ ಬ್ರೋಬೆಕ್ ಹೈಪೋಥಲಮಸ್ಸಿನ ಹೊರಪಕ್ಕವನ್ನು ಕೆಡಿಸಿದಾಗ ಇಲಿಗಳು ಎದುರಿಗಿಟ್ಟ ಆಹಾರವನ್ನು ಮುಟ್ಟದೆ ಸತ್ತವು. ಆನಂದ್ ಮುಂದೆ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಶರೀರಶಾಸ್ತ್ರ ವಿಭಾಗವನ್ನು ಕಟ್ಟಿದರು. ರಕ್ತದ ಸಕ್ಕರೆ ಏರಿಳಿದಂತೆ ಈ ಭಾಗದ ನರಕೋಶಗಳ ಮಿಡಿತವೂ ಬದಲಾಗುವುದನ್ನು ಅವರ ತಂಡ 1960ರ ದಶಕದಲ್ಲಿ ದಾಖಲಿಸಿತು. ಭಾರತದ ಪ್ರಯೋಗಾಲಯವೊಂದು ಜಗತ್ತಿನ ಮುಂಚೂಣಿಯಲ್ಲಿದ್ದ ಈ ಅಧ್ಯಾಯವನ್ನು ನಮ್ಮ ಪಠ್ಯಪುಸ್ತಕಗಳು ಇನ್ನಷ್ಟು ಗೌರವದಿಂದ ಹೇಳಬೇಕು. ಒಂದು ಹಸಿವಿನ ಕೇಂದ್ರ, ಒಂದು ತೃಪ್ತಿಯ ಕೇಂದ್ರ ಎಂಬ ಅಂದಿನ ಚಿತ್ರ ತೀರ ಸರಳವಾಗಿತ್ತು ಎಂಬುದೂ ನಿಜ. ಹೊರಪಕ್ಕವನ್ನು ಸುಡುವಾಗ ಅದರೊಳಗೆ ಹಾದುಹೋಗುವ ಡೋಪಮೈನ್ ನರತಂತುಗಳೂ ಸುಟ್ಟಿದ್ದವು. ಇಲಿ ಉಣ್ಣದಿರುವುದಕ್ಕೆ ಭಾಗಶಃ ಅದೇ ಕಾರಣ. ಈಚಿನ ತಂತ್ರಗಳು ಒಂದೊಂದು ಬಗೆಯ ನರಕೋಶವನ್ನೇ ಬೇರ್ಪಡಿಸಿ ನೋಡುತ್ತವೆ. ಎಜಿಆರ್‌ಪಿ ಎಂಬ ಪೆಪ್ಟೈಡನ್ನು ಸ್ರವಿಸುವ ಕೆಲವು ಸಾವಿರ ನರಕೋಶಗಳನ್ನು ಬೆಳಕಿನಿಂದ ಕೆರಳಿಸಿದರೆ ಹೊಟ್ಟೆ ತುಂಬಿದ ಇಲಿಯೂ ನಿಮಿಷಗಳಲ್ಲಿ ಆಹಾರಕ್ಕೆ ಮುಗಿಬೀಳುತ್ತದೆ. ಬೆಳೆದ ಇಲಿಯಲ್ಲಿ ಅವನ್ನು ನಾಶಮಾಡಿದರೆ ಅದು ಉಪವಾಸ ಬೀಳುತ್ತದೆ. ಚಿತ್ರದ ವಿವರ ಬದಲಾಯಿತು, ಹಸಿವಿನ ನೆಲೆ ಮಿದುಳೇ ಎಂಬ ಮಾತು ಇನ್ನೂ ಗಟ್ಟಿಯಾಯಿತು.

ಮೈಯಲ್ಲಿ ಎಷ್ಟು ಕೊಬ್ಬಿದೆ ಎಂಬುದು ಮಿದುಳಿಗೆ ತಿಳಿಯುವುದು ಹೇಗೆ? ಅಮೆರಿಕದ ಬಾರ್ ಹಾರ್ಬರಿನ ಜಾಕ್ಸನ್ ಪ್ರಯೋಗಾಲಯದಲ್ಲಿ ಹುಟ್ಟಿನಿಂದಲೇ ಬೊಜ್ಜಿರುವ ಎರಡು ತಳಿಯ ಇಲಿಗಳಿದ್ದವು. ಡಗ್ಲಸ್ ಕೋಲ್ಮನ್ ಅವುಗಳ ರಕ್ತಪರಿಚಲನೆಯನ್ನು ಜೋಡಿ ಜೋಡಿಯಾಗಿ ಕೂಡಿಸಿ ನೋಡಿದರು. ಒಂದು ತಳಿಯ ಇಲಿಯನ್ನು ಸಾಮಾನ್ಯ ಇಲಿಗೆ ಕೂಡಿಸಿದಾಗ ಸಾಮಾನ್ಯ ಇಲಿ ತಿನ್ನುವುದನ್ನು ಬಿಟ್ಟು ಸತ್ತಿತು. ಇನ್ನೊಂದು ತಳಿಯದನ್ನು ಕೂಡಿಸಿದಾಗ ಬೊಜ್ಜಿನ ಇಲಿಯೇ ತಿನ್ನುವುದನ್ನು ಕಡಿಮೆ ಮಾಡಿತು. ಮೊದಲ ತಳಿ ತೃಪ್ತಿಯ ಸಂಕೇತವನ್ನು ಕೇಳಿಸಿಕೊಳ್ಳಲಾರದು, ಎರಡನೆಯದು ಅದನ್ನು ತಯಾರಿಸಲಾರದು ಎಂದು ಅವರು 1970ರ ದಶಕದಲ್ಲಿ ಊಹಿಸಿದರು. 1994ರಲ್ಲಿ ಜೆಫ್ರಿ ಫ್ರೀಡ್‌ಮನ್ ತಂಡ ಆ ಸಂಕೇತವನ್ನು ಕಂಡುಹಿಡಿಯಿತು, ಆಮೇಲೆ ಅದಕ್ಕೆ ಲೆಪ್ಟಿನ್ ಎಂದು ಹೆಸರಿಟ್ಟಿತು. ಅದು ಹುಟ್ಟುವುದು ಕೊಬ್ಬಿನ ಕೋಶಗಳಲ್ಲಿ, ಅದನ್ನು ಮುಖ್ಯವಾಗಿ ಓದಿಕೊಳ್ಳುವುದು ಹೈಪೋಥಲಮಸ್ಸಿನಲ್ಲಿ. ಇಲಿಯ ಮಾತು ಮನುಷ್ಯನಿಗೆ ಹೊಂದುತ್ತದೆಯೇ ಎಂಬ ಸಂದೇಹಕ್ಕೆ ಮೂರೇ ವರ್ಷದಲ್ಲಿ ಉತ್ತರ ಬಂತು. ಹುಟ್ಟಿನಿಂದ ಲೆಪ್ಟಿನ್ ಇಲ್ಲದ ಇಬ್ಬರು ಸೋದರಸಂಬಂಧಿ ಮಕ್ಕಳನ್ನು ಕೇಂಬ್ರಿಜ್‌ನ ಸ್ಟೀಫನ್ ಒ'ರಾಹಿಲಿ ಮತ್ತು ಸದಾಫ್ ಫಾರೂಕಿ ಅವರ ತಂಡ 1997ರಲ್ಲಿ ಗುರುತಿಸಿತು. ಅವರಲ್ಲಿ ಹಿರಿಯ ಬಾಲಕಿಗೆ ಒಂಬತ್ತನೆಯ ವಯಸ್ಸಿನಲ್ಲಿ 94 ಕಿಲೋ ತೂಕ. ಲೆಪ್ಟಿನ್ ಚುಚ್ಚುಮದ್ದು ಕೊಟ್ಟ 12 ತಿಂಗಳಲ್ಲಿ 16 ಕಿಲೋ ಇಳಿಯಿತು. ಆ ಮಗುವಿನ ಮನೆಯವರ ಶಿಸ್ತು ಬದಲಾಗಿರಲಿಲ್ಲ, ಮಗುವಿನ ಸ್ವಭಾವವೂ ಬದಲಾಗಿರಲಿಲ್ಲ. ಮಿದುಳಿಗೆ ತಲುಪದೇ ಇದ್ದ ಒಂದು ಸುದ್ದಿ ತಲುಪಿತು, ತೀರದ ಹಸಿವು ತೀರಿತು.

ಇಂಥ ಮಕ್ಕಳು ಲಕ್ಷಕ್ಕೊಬ್ಬರೂ ಇಲ್ಲ, ಇದರಿಂದ ಸಾಮಾನ್ಯರ ಬೊಜ್ಜಿನ ಬಗ್ಗೆ ಏನು ಹೇಳಿದಂತಾಯಿತು ಎಂದು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ ಇದು. ಸಾಮಾನ್ಯ ಬೊಜ್ಜಿನವರಿಗೆ ಲೆಪ್ಟಿನ್ ಕೊಟ್ಟಾಗ ಹೇಳಿಕೊಳ್ಳುವಂಥ ಫಲ ಸಿಗಲಿಲ್ಲ. ಅವರ ರಕ್ತದಲ್ಲಿ ಲೆಪ್ಟಿನ್ ಆಗಲೇ ಧಾರಾಳವಾಗಿರುತ್ತದೆ, ಮಿದುಳು ಅದಕ್ಕೆ ಓಗೊಡುವುದಿಲ್ಲ. ಹೀಗಾಗಿ ಉತ್ತರವನ್ನು ಬೇರೆ ಕಡೆ ಹುಡುಕಬೇಕು, ಅದು ಮೂರು ಕಡೆ ಸಿಗುತ್ತದೆ. ಮೊದಲನೆಯದು ವಂಶವಾಹಿಗಳ ಸಮೀಕ್ಷೆ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನ ಮೂರು ಲಕ್ಷಕ್ಕೂ ಹೆಚ್ಚು ಜನರ ವಂಶವಾಹಿಗಳನ್ನು ಪರಿಶೀಲಿಸಿ ದೇಹತೂಕದ ಸೂಚ್ಯಂಕಕ್ಕೆ ನಂಟಿರುವ 97 ತಾಣಗಳನ್ನು ಗುರುತಿಸಿತು. ಆ ತಾಣಗಳ ಜೀನುಗಳು ಎಲ್ಲಿ ಕೆಲಸ ಮಾಡುತ್ತವೆ ಎಂದು ನೋಡಿದಾಗ ಎದ್ದು ಕಂಡದ್ದು ಕೊಬ್ಬಿನ ಅಂಗಾಂಶವಲ್ಲ, ಸ್ನಾಯುವಲ್ಲ, ಮಿದುಳು. ಎರಡನೆಯದು ತೂಕ ಇಳಿಸಿಕೊಂಡವರ ಮೈ ತೋರುವ ಪ್ರತಿರೋಧ. ನ್ಯೂಯಾರ್ಕಿನ ರೂಡಾಲ್ಫ್ ಲೈಬೆಲ್, ಮೈಕೆಲ್ ರೋಸೆನ್‌ಬಾಮ್ ಮತ್ತು ಸಂಗಡಿಗರು 1995ರಲ್ಲಿ ತೋರಿಸಿದಂತೆ, ತೂಕ ನೂರಕ್ಕೆ ಹತ್ತರಷ್ಟು ಇಳಿದಾಗ ದೇಹದ ಶಕ್ತಿವೆಚ್ಚ, ಕಳೆದುಹೋದ ತೂಕದ ಲೆಕ್ಕಕ್ಕಿಂತ ಹೆಚ್ಚಾಗಿ ಇಳಿಯುತ್ತದೆ. ಹಸಿವು ಮಾತ್ರ ಏರುತ್ತದೆ. ಹಾಗೆ ತೂಕ ಇಳಿಸಿಕೊಂಡವರಿಗೆ ಲೆಪ್ಟಿನ್ ಕೊಟ್ಟು ಮೊದಲಿನ ಮಟ್ಟಕ್ಕೆ ತಂದರೆ ಆ ಕುಸಿತ ಬಹುಮಟ್ಟಿಗೆ ಸರಿಹೋಗುತ್ತದೆ. ಕೊಬ್ಬು ಕಡಿಮೆಯಾಯಿತು ಎಂಬ ಸುದ್ದಿಗೆ ಮಿದುಳು ಬರಗಾಲ ಬಂದಂತೆ ವರ್ತಿಸುತ್ತಿದೆ ಎಂದೇ ಇದರ ಅರ್ಥ.

ಮೂರನೆಯದು ಔಷಧಿಗಳ ಸಾಕ್ಷ್ಯ, ಇದು ಎಲ್ಲಕ್ಕಿಂತ ಪ್ರಬಲವಾದದ್ದು. ಜಿಎಲ್‌ಪಿ-1 ಎಂಬುದು ಊಟದ ನಂತರ ಕರುಳಿನ ಕೋಶಗಳು ಸ್ರವಿಸುವ ಹಾರ್ಮೋನು. ಮಿದುಳುಕಾಂಡದ ಕೆಲವು ನರಕೋಶಗಳೂ ಅದನ್ನು ತಯಾರಿಸುತ್ತವೆ. ರಕ್ತದಲ್ಲಿ ಅದರ ಆಯುಸ್ಸು ಒಂದೆರಡು ನಿಮಿಷ. ವಾರವಿಡೀ ಉಳಿಯುವಂತೆ ಮಾರ್ಪಡಿಸಿದ ಅದರ ರೂಪವೇ ಸೆಮಾಗ್ಲುಟೈಡ್. ಮೊದಲು ಮಧುಮೇಹಕ್ಕೆಂದು ಬಂದ ಈ ಚುಚ್ಚುಮದ್ದು ಮಧುಮೇಹವಿಲ್ಲದ ಬೊಜ್ಜಿನವರಲ್ಲಿ 68 ವಾರಗಳಲ್ಲಿ ಸರಾಸರಿ ನೂರಕ್ಕೆ 15ರಷ್ಟು ತೂಕ ಇಳಿಸಿತು. 2025ರಲ್ಲಿ ಇದೂ ಇದರ ದಾಯಾದಿ ಟಿರ್ಜೆಪಟೈಡ್ ಕೂಡ ತೂಕ ಇಳಿಸುವ ಔಷಧಿಗಳಾಗಿ ಭಾರತದ ಮಾರುಕಟ್ಟೆಗೆ ಬಂದವು. ಈ ವರ್ಗದ ಔಷಧಿ ಕೊಬ್ಬನ್ನು ನೇರವಾಗಿ ಕರಗಿಸುವುದಿಲ್ಲ. ಇಲಿಯ ನರಕೋಶಗಳಿಂದ ಜಿಎಲ್‌ಪಿ-1 ಗ್ರಾಹಕವನ್ನು ತೆಗೆದುಹಾಕಿದರೆ ಇದೇ ವರ್ಗದ ಲಿರಾಗ್ಲುಟೈಡ್ ತೂಕ ಇಳಿಸುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಆದರೆ ಸಕ್ಕರೆಯನ್ನು ಇಳಿಸುವ ಶಕ್ತಿ ಉಳಿಯುತ್ತದೆ. ಒಂದೇ ಔಷಧಿಯಲ್ಲಿ ತೂಕದ ದಾರಿ ಮಿದುಳಿನ ಮೂಲಕ, ಸಕ್ಕರೆಯ ದಾರಿ ಬಹುಪಾಲು ಬೇರೆ ಕಡೆಯಿಂದ. ಮೊದಲು ಹೇಳಿದ ಜೋಡಿ ನಿರ್ಣಯಕ್ಕೆ ಇದಕ್ಕಿಂತ ಸ್ಪಷ್ಟವಾದ ಪುರಾವೆ ನನಗೆ ತಿಳಿದಿಲ್ಲ. ಔಷಧಿ ನಿಲ್ಲಿಸಿದವರಲ್ಲಿ ಒಂದು ವರ್ಷದೊಳಗೆ ಇಳಿದ ತೂಕದ ಮೂರನೆಯ ಎರಡು ಭಾಗ ಮರಳಿ ಬಂತು ಎಂಬುದೂ ಇದೇ ದಿಕ್ಕಿಗೆ ಬೆರಳು ಮಾಡುತ್ತದೆ.

ಇನ್ನು ಸಕ್ಕರೆಯ ಕಡೆಗೆ. ಇಲ್ಲಿ ಮಿದುಳಿನ ಪಕ್ಷ ಹಿಡಿದವರು ಎದುರಿಸಬೇಕಾದ ಗಟ್ಟಿ ಆಕ್ಷೇಪಣೆಯೊಂದಿದೆ. ಕಸಿ ಮಾಡಿದ ಮೇದೋಜೀರಕ ಗ್ರಂಥಿಗೆ ನರಗಳ ಸಂಪರ್ಕವೇ ಇರುವುದಿಲ್ಲ, ಆದರೂ ಅದು ಮೊದಲ ಬಗೆಯ ಮಧುಮೇಹಿಯ ಸಕ್ಕರೆಯನ್ನು ಹದ್ದುಬಸ್ತಿನಲ್ಲಿಡುತ್ತದೆ. ಕಸಿ ಮಾಡಿದ ಯಕೃತ್ತೂ ನರವಿಲ್ಲದೆ ನಡೆಯುತ್ತದೆ. ಮೇದೋಜೀರಕದ ಬೀಟಾ ಕೋಶ ರಕ್ತದ ಸಕ್ಕರೆಯನ್ನು ತಾನೇ ಅಳೆದು ಇನ್ಸುಲಿನ್ ಬಿಡಬಲ್ಲದು, ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಎರಡನೆಯ ಬಗೆಯ ಮಧುಮೇಹಕ್ಕೆ ನಂಟಿರುವ ವಂಶವಾಹಿ ತಾಣಗಳಲ್ಲಿ ಬಹಳಷ್ಟು ತೋರಿಸುವುದು ಇದೇ ಬೀಟಾ ಕೋಶವನ್ನು. ಇಲಿಯ ಹೈಪೋಥಲಮಸ್ಸಿಗೆ ಇನ್ಸುಲಿನ್ ಮುಟ್ಟಿಸಿದರೆ ಯಕೃತ್ತು ಸಕ್ಕರೆ ತಯಾರಿಸುವುದನ್ನು ಕಡಿಮೆ ಮಾಡುತ್ತದೆ ಎಂಬುದು ಹಲವು ಪ್ರಯೋಗಗಳಲ್ಲಿ ಕಂಡಿದೆ. ಆದರೆ ನಾಯಿಗಳ ಮೇಲೆ ದಶಕಗಟ್ಟಲೆ ಕೆಲಸ ಮಾಡಿದ ಅಲನ್ ಚೆರಿಂಗ್ಟನ್ ತಂಡಕ್ಕೆ ಇನ್ಸುಲಿನ್ ಯಕೃತ್ತಿನ ಮೇಲೆ ನೇರವಾಗಿ ಮಾಡುವ ಕೆಲಸವೇ ದೊಡ್ಡದಾಗಿ, ಮಿದುಳಿನ ಪಾಲು ಚಿಕ್ಕದಾಗಿ ಕಂಡಿತು. ಭಾರತೀಯರ ವಿಷಯದಲ್ಲಿ ಇನ್ನೊಂದು ಮಾತು ಸೇರಿಸಬೇಕು. ಯೂರೋಪಿನವರಿಗಿಂತ ಕಡಿಮೆ ತೂಕದಲ್ಲೇ, ಕಡಿಮೆ ವಯಸ್ಸಿನಲ್ಲೇ ನಮಗೆ ಮಧುಮೇಹ ಬರುತ್ತದೆ. ಸಣಕಲಾಗಿ ಕಾಣುವ ಮೈಯಲ್ಲೂ ಹೊಟ್ಟೆಯೊಳಗೆ ಕೊಬ್ಬು ಹೆಚ್ಚಿರುವುದನ್ನು ಪುಣೆಯ ಚಿತ್ತರಂಜನ್ ಯಾಜ್ಞಿಕ್ ವಿವರವಾಗಿ ತೋರಿಸಿದ್ದಾರೆ. ಇದನ್ನು ಹಸಿವಿನ ನರಕೋಶಗಳಿಂದ ವಿವರಿಸಲಾಗದು. ಕೊಬ್ಬು ಸೇರುವ ಜಾಗ, ಸ್ನಾಯುವಿನ ಪ್ರಮಾಣ, ಬೀಟಾ ಕೋಶಗಳ ಸಾಮರ್ಥ್ಯ ಇಲ್ಲಿ ಹೆಚ್ಚು ತೂಗುತ್ತವೆ.

ಆದರೆ ಅಪ್ಪಣೆಯಿಲ್ಲದೆ ಒಂದು ಅಂಗ ನಡೆಯಬಲ್ಲದು ಎಂದ ಮಾತ್ರಕ್ಕೆ ಅಪ್ಪಣೆ ಬಂದಾಗ ಅದು ಕೇಳುವುದಿಲ್ಲ ಎಂದಾಗುವುದಿಲ್ಲ. ಕಸಿ ಮಾಡಿದ ಹೃದಯವೂ ನರವಿಲ್ಲದೆ ಬಡಿಯುತ್ತದೆ. ಹಾಗೆಂದು ನಮ್ಮ ಹೃದಯದ ಮೇಲೆ ನರಗಳ ಹಿಡಿತವಿಲ್ಲ ಎಂದು ಯಾರೂ ಹೇಳರು. ಸಕ್ಕರೆಯ ಮೇಲೆ ನರಮಂಡಲದ ಹಿಡಿತ ನಿಚ್ಚಳವಾಗಿ ಕಾಣುವುದು ಅದು ಇಳಿದಾಗ. ಮೈತೂಕದ ನೂರಕ್ಕೆ ಎರಡರಷ್ಟೇ ಇರುವ ಮಿದುಳು ವಿಶ್ರಾಂತಿಯಲ್ಲಿ ದೇಹದ ಶಕ್ತಿಯ ಐದನೆಯ ಒಂದು ಭಾಗವನ್ನು ಬಳಸುತ್ತದೆ, ಅದಕ್ಕೆ ಮುಖ್ಯ ಇಂಧನ ಸಕ್ಕರೆಯೇ. ಹಾಗಾಗಿ ರಕ್ತದ ಸಕ್ಕರೆ ಡೆಸಿಲೀಟರಿಗೆ ಸುಮಾರು 70 ಮಿಲಿಗ್ರಾಂಗಿಂತ ಕೆಳಗೆ ಜಾರಿದರೆ ಮಿದುಳು ಸಕ್ಕರೆ ಏರಿಸುವ ಗ್ಲುಕಗಾನ್, ಅಡ್ರಿನಲಿನ್ ಹಾರ್ಮೋನುಗಳ ಬಿಡುಗಡೆಗೆ ಮುಂದಾಗುತ್ತದೆ. ಬೆವರು, ನಡುಕ, ಎದೆಬಡಿತ, ತಡೆಯಲಾರದ ಹಸಿವು ಕಾಣಿಸಿಕೊಳ್ಳುತ್ತವೆ. ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಶುಗರ್ ಪದೇ ಪದೇ ಲೋ ಆದರೆ ಮಿದುಳು ಅದಕ್ಕೆ ಒಗ್ಗಿಹೋಗುತ್ತದೆ, ಎಚ್ಚರಿಕೆಯ ಗಂಟೆ ಬಾರಿಸುವುದನ್ನೇ ಬಿಡುತ್ತದೆ. ಆಮೇಲೆ ರೋಗಿ ಮುನ್ಸೂಚನೆಯಿಲ್ಲದೆ ಪ್ರಜ್ಞೆ ತಪ್ಪಬಹುದು. ಕೆಲವು ವಾರ ಎಚ್ಚರವಹಿಸಿ ಸಕ್ಕರೆ ಇಳಿಯದಂತೆ ನೋಡಿಕೊಂಡರೆ ಈ ಸಂವೇದನೆ ಬಹುಮಟ್ಟಿಗೆ ಮರಳುವುದುಂಟು. ದಿನನಿತ್ಯದ ಚಿಕಿತ್ಸೆಯಲ್ಲಿ ಇಷ್ಟು ನೇರವಾಗಿ ಮುಖ್ಯವಾಗುವ ನರಶಾಸ್ತ್ರದ ಸಂಗತಿ ಇನ್ನೊಂದಿಲ್ಲ.

ನಿದ್ದೆಯ ಪುರಾವೆಯೂ ಗಟ್ಟಿಯಾಗಿದೆ. 1999ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಕಾರೀನ್ ಸ್ಪೀಗೆಲ್, ಈವ್ ವಾನ್ ಕೌಟರ್ ಮತ್ತು ಸಂಗಡಿಗರು 11 ಮಂದಿ ಆರೋಗ್ಯವಂತ ಯುವಕರನ್ನು ಆರು ರಾತ್ರಿ ನಾಲ್ಕೇ ಗಂಟೆ ಹಾಸಿಗೆಯಲ್ಲಿರಿಸಿದರು. ಅಷ್ಟಕ್ಕೇ ಅವರ ದೇಹ ಸಕ್ಕರೆಯನ್ನು ನಿಭಾಯಿಸುವ ಶಕ್ತಿ ಎದ್ದುಕಾಣುವಂತೆ ಕುಗ್ಗಿತು, ಸಂಜೆಯ ಕಾರ್ಟಿಸೋಲ್ ಏರಿತು, ಅನುವೇದನಾ ನರಗಳ ಚಟುವಟಿಕೆ ಹೆಚ್ಚಿತು. ನಿದ್ದೆ ಎಷ್ಟು ಎಂಬುದಷ್ಟೇ ಅಲ್ಲ, ಯಾವಾಗ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಹೈಪೋಥಲಮಸ್ಸಿನಲ್ಲಿ ಸುಮಾರು 20,000 ನರಕೋಶಗಳ ಒಂದು ಗುಚ್ಛ ಕಣ್ಣಿನಿಂದ ಬೆಳಕಿನ ಸುದ್ದಿ ಪಡೆದು ದೇಹದ ಹಗಲು ರಾತ್ರಿಗಳನ್ನು ನಿಗದಿಮಾಡುತ್ತದೆ. ಬಾಸ್ಟನ್ನಿನ ಫ್ರಾಂಕ್ ಶೀರ್ ತಂಡ 2009ರಲ್ಲಿ ಸ್ವಯಂಸೇವಕರ ಊಟ ನಿದ್ದೆಗಳನ್ನು ಈ ಗಡಿಯಾರಕ್ಕೆ ತಿರುಗುಮುರುಗು ಮಾಡಿದಾಗ ಅವರ ಲೆಪ್ಟಿನ್ ಇಳಿಯಿತು, ಸಕ್ಕರೆ ಏರಿತು, ಕೆಲವರಲ್ಲಿ ಅದು ಮಧುಮೇಹದ ಹೊಸ್ತಿಲಿನ ಮಟ್ಟವನ್ನೂ ಮುಟ್ಟಿತು. ಇವು ಕೆಲವೇ ಜನರ ಮೇಲೆ ಕೆಲವೇ ದಿನ ನಡೆದ ಪ್ರಯೋಗಗಳು ಎಂಬುದು ನಿಜ. ಆದರೆ ಅಮೆರಿಕದ ನರ್ಸುಗಳನ್ನು ದಶಕಗಳ ಕಾಲ ಗಮನಿಸಿದ ಅಧ್ಯಯನದಲ್ಲೂ ರಾತ್ರಿ ಪಾಳಿಯ ವರ್ಷಗಳು ಹೆಚ್ಚಿದಂತೆ ಎರಡನೆಯ ಬಗೆಯ ಮಧುಮೇಹದ ಅಪಾಯ ಹೆಚ್ಚಿತು. ಅದರಲ್ಲಿ ಒಂದು ಭಾಗ ಮಾತ್ರ ತೂಕದ ಏರಿಕೆಯಿಂದ ಬಂದದ್ದು. ಅಮೆರಿಕದ ಹಗಲಿಗೆ ಹೊಂದಿಕೊಂಡು ರಾತ್ರಿಯಿಡೀ ಕಾಲ್ ಸೆಂಟರುಗಳಲ್ಲಿ ಕೂರುವ ಬೆಂಗಳೂರಿನ ಯುವಜನರಿಗೆ, ಆಸ್ಪತ್ರೆ ಕಾರ್ಖಾನೆಗಳ ಪಾಳಿಯವರಿಗೆ, ಸೆಕ್ಯುರಿಟಿ ಗಾರ್ಡುಗಳಿಗೆ ಈ ಮಾತು ದೂರದ್ದಲ್ಲ. ಪಾಳಿಯ ವೇಳಾಪಟ್ಟಿಯನ್ನು ಕಾರ್ಮಿಕರ ಆರೋಗ್ಯದ ವಿಷಯವೆಂದು ಪರಿಗಣಿಸಲು ಇಷ್ಟು ಪುರಾವೆ ಸಾಕು.

ಒತ್ತಡದ ಬಗ್ಗೆ ಜನ ಹೇಳುವುದು ಬಹಳ, ಗಟ್ಟಿಯಾಗಿ ಗೊತ್ತಿರುವುದು ಅದಕ್ಕಿಂತ ಕಡಿಮೆ. ತೀವ್ರ ಒತ್ತಡದಲ್ಲಿ ಅಡ್ರಿನಲಿನ್, ಕಾರ್ಟಿಸೋಲ್ ಏರಿ ಸಕ್ಕರೆ ಹೆಚ್ಚುವುದು ನಿರ್ವಿವಾದ. ಕಾರ್ಟಿಸೋಲ್ ಸದಾ ಹೆಚ್ಚಿರುವ ಕುಶಿಂಗ್ ಕಾಯಿಲೆಯಲ್ಲಿ ಹೊಟ್ಟೆಯ ಬೊಜ್ಜು, ಮಧುಮೇಹ ಬರುವುದೂ ನಿರ್ವಿವಾದ. ದಿನನಿತ್ಯದ ಬದುಕಿನ ಒತ್ತಡ ಇದೇ ದಾರಿಯಲ್ಲಿ ಎಷ್ಟು ಜನರಿಗೆ ಮಧುಮೇಹ ತರುತ್ತದೆ ಎಂಬುದನ್ನು ಮಾತ್ರ ಅಳೆಯುವುದು ಕಷ್ಟ, ಏಕೆಂದರೆ ಒತ್ತಡದ ಜೊತೆಗೇ ಬಡತನ, ನಿದ್ದೆಗೇಡು, ಸಿಗರೇಟು, ಕೆಟ್ಟ ಊಟಗಳೂ ಬರುತ್ತವೆ. ಮೈಸೂರಿನ ಹೋಲ್ಡ್ಸ್‌ವರ್ಥ್ ಸ್ಮಾರಕ ಆಸ್ಪತ್ರೆಯಲ್ಲಿ 1997–98ರಿಂದ ತಾಯಂದಿರನ್ನೂ ಮಕ್ಕಳನ್ನೂ ಹಿಂಬಾಲಿಸುತ್ತಿರುವ ಪಾರ್ಥೆನಾನ್ ಅಧ್ಯಯನ ಇಲ್ಲಿ ಒಂದು ಸೂಕ್ಷ್ಮ ಸಂಗತಿಯನ್ನು ತೋರಿಸಿದೆ. ಬಸುರಿನಲ್ಲಿ ಮಧುಮೇಹವಿದ್ದ ತಾಯಂದಿರ ಮಕ್ಕಳನ್ನು ಹದಿಹರೆಯದಲ್ಲಿ ಒತ್ತಡದ ಪರೀಕ್ಷೆಗೆ ಒಡ್ಡಿದಾಗ ಅವರ ಹೃದಯ ಮತ್ತು ರಕ್ತನಾಳಗಳು ಇತರ ಮಕ್ಕಳಿಗಿಂತ ಹೆಚ್ಚು ತೀವ್ರವಾಗಿ ಪ್ರತಿಕ್ರಿಯಿಸಿದವು. ಅಂಥ ಮಕ್ಕಳ ಸಂಖ್ಯೆ ಸಣ್ಣದು, ಇದೊಂದರಿಂದ ಏನನ್ನೂ ಸಿದ್ಧಪಡಿಸಲಾಗದು. ಆದರೂ ಸ್ವಾಯತ್ತ ನರಮಂಡಲದ ವರ್ತನೆ ಗರ್ಭದಲ್ಲೇ ರೂಪುಗೊಳ್ಳಬಹುದು ಎಂಬ ಪ್ರಶ್ನೆಯನ್ನು ಕನ್ನಡನಾಡಿನ ಮಕ್ಕಳ ಮೂಲಕವೇ ಕೇಳಿದ ಈ ಕೆಲಸ ಬೆಲೆಯುಳ್ಳದ್ದು.

ಮಿದುಳಿಗೆ ಕೊಡುವ ಔಷಧಿ ಮೈಯನ್ನು ಕೆಡಿಸುವುದನ್ನು ನೋಡಿದರೆ ವಾದಕ್ಕೆ ಇನ್ನೊಂದು ಆಧಾರ ಸಿಗುತ್ತದೆ. ಸ್ಕಿಜೋಫ್ರೇನಿಯಾಕ್ಕೆ ಕೊಡುವ ಒಲಾಂಜಪೈನ್, ಕ್ಲೋಜಪೈನ್‌ಗಳು ಮಿದುಳಿನ ಹಿಸ್ಟಮಿನ್, ಸೆರಟೋನಿನ್ ಗ್ರಾಹಕಗಳನ್ನು ತಡೆದು ಹಸಿವನ್ನು ಹೆಚ್ಚಿಸುತ್ತವೆ. ಕೆಲವೇ ತಿಂಗಳಲ್ಲಿ ಹತ್ತಾರು ಕಿಲೋ ತೂಕ ಏರುವುದುಂಟು, ಮಧುಮೇಹ ಬರುವುದುಂಟು. ಈ ಔಷಧಿ ಶುರುಮಾಡುವಾಗಲೇ ತೂಕ, ಸೊಂಟದ ಸುತ್ತಳತೆ, ರಕ್ತದ ಸಕ್ಕರೆ, ಕೊಬ್ಬಿನಂಶಗಳನ್ನು ನೋಡಿ, ಆಮೇಲೂ ನೋಡುತ್ತಿರಬೇಕು ಎಂದು ಅಮೆರಿಕದ ಮಧುಮೇಹ ತಜ್ಞರೂ ಮನೋವೈದ್ಯರೂ ಕೂಡಿ 2004ರಲ್ಲೇ ಹೇಳಿದರು. ತೂಕ ಏರಿದ ಮನೋರೋಗಿಯನ್ನು ತಿಂಡಿಪೋತನೆಂದು ಬೈಯುವುದು ಅನ್ಯಾಯ, ಅವೈಜ್ಞಾನಿಕವೂ ಹೌದು. ಔಷಧಿಯನ್ನು ತಾವಾಗಿ ನಿಲ್ಲಿಸುವುದು ಇನ್ನೂ ಅಪಾಯ; ಬದಲಿ ಔಷಧಿಗಳಿವೆ, ವೈದ್ಯರನ್ನು ಕೇಳಬೇಕು.

ಮಿದುಳಿನ ವಾದಕ್ಕೆ ಎದುರಾಗಿ ಕೇಳಿಬರುವ ಇನ್ನೊಂದು ಆಕ್ಷೇಪಣೆ ಸರಳವೂ ಬಲವಾದದ್ದೂ ಆಗಿದೆ: ಐವತ್ತು ವರ್ಷಗಳಲ್ಲಿ ಮನುಷ್ಯನ ಮಿದುಳು ಬದಲಾಗಿಲ್ಲ, ಬೊಜ್ಜು ಮಾತ್ರ ಏರಿದೆ, ಹಾಗಾದರೆ ತಪ್ಪು ಊಟದ್ದು ತಾನೆ? ಹೌದು, ಬದಲಾದದ್ದು ಊಟ, ದುಡಿಮೆ, ನಿದ್ದೆ. ಆದರೆ ಆ ಬದಲಾವಣೆ ದೇಹವನ್ನು ಪ್ರವೇಶಿಸುವ ಬಾಗಿಲು ಮಿದುಳು. 2019ರಲ್ಲಿ ಕೆವಿನ್ ಹಾಲ್ ತಂಡ ಅಮೆರಿಕದಲ್ಲಿ 20 ಜನರಿಗೆ ಎರಡು ವಾರ ಕಾರ್ಖಾನೆಯ ಅತಿಸಂಸ್ಕರಿತ ಆಹಾರವನ್ನೂ ಎರಡು ವಾರ ಮನೆಯಡುಗೆಯಂಥ ಆಹಾರವನ್ನೂ ಕೊಟ್ಟಿತು. ಎದುರಿಗಿಟ್ಟ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಎರಡರಲ್ಲೂ ಸರಿಸಮ, ಬೇಕಾದಷ್ಟು ತಿನ್ನಲು ಮುಕ್ತ ಅವಕಾಶ. ಸಂಸ್ಕರಿತ ಆಹಾರದ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು. ಹೆಚ್ಚು ತಿನ್ನಬೇಕೆಂದು ಯಾರೂ ನಿರ್ಧರಿಸಿರಲಿಲ್ಲ. ಒಂದೇ ಊಟದ ಪರಿಸರದಲ್ಲಿ ಕೆಲವರು ದಪ್ಪಗಾಗಿ ಕೆಲವರು ಆಗದಿರುವುದಕ್ಕೂ ಮುಖ್ಯ ಕಾರಣ ಮಿದುಳಿನಲ್ಲಿ ಕೆಲಸ ಮಾಡುವ ವಂಶವಾಹಿಗಳ ವ್ಯತ್ಯಾಸವೇ. ಆಹಾರ ಉದ್ಯಮದ ಮೇಲೆ ನಿಯಂತ್ರಣ ಬೇಕು ಎಂಬ ವಾದಕ್ಕೆ ನರವಿಜ್ಞಾನ ಎದುರಾಳಿಯಲ್ಲ, ಸಾಕ್ಷಿ. ಹಾಗೆಂದು ನಡಿಗೆ, ವ್ಯಾಯಾಮ, ಮಿತವಾದ ಊಟ ವ್ಯರ್ಥವೆಂದೂ ಅಲ್ಲ: ಸ್ನಾಯು ಇನ್ಸುಲಿನ್ನಿಗೆ ಓಗೊಡುವ ಶಕ್ತಿ ತೂಕ ಇಳಿಯದಿದ್ದರೂ ನಡಿಗೆಯಿಂದ ಸುಧಾರಿಸುತ್ತದೆ.

ಅತಿಯಾದ ನಿರೀಕ್ಷೆಯ ಬಗ್ಗೆಯೂ ಎಚ್ಚರ ಬೇಕು. ವೇಗಸ್ ನರದ ಸಂಕೇತಗಳನ್ನು ವಿದ್ಯುತ್ತಿನಿಂದ ತಡೆದು ಹಸಿವು ತಗ್ಗಿಸುವ ಸಾಧನವೊಂದಕ್ಕೆ ಅಮೆರಿಕ 2015ರಲ್ಲಿ ಅನುಮತಿ ಕೊಟ್ಟಿತು. ಪರೀಕ್ಷೆಯಲ್ಲಿ ಸುಳ್ಳು ಸಾಧನ ಹಾಕಿಸಿಕೊಂಡವರಿಗಿಂತ ಅದರ ಫಲ ಸ್ವಲ್ಪವೇ ಹೆಚ್ಚಿತ್ತು, ಮೊದಲೇ ಹಾಕಿಕೊಂಡ ಗುರಿಯನ್ನೂ ಮುಟ್ಟಲಿಲ್ಲ. ಯೋಗ, ಪ್ರಾಣಾಯಾಮಗಳ ಪ್ರಯೋಗಗಳಲ್ಲಿ ಸಕ್ಕರೆ ಸಾಧಾರಣ ಮಟ್ಟದಲ್ಲಿ ಇಳಿದಿದೆ. ಅದರಲ್ಲಿ ವೇಗಸ್ ನರದ ಪಾಲೆಷ್ಟು, ಮೈಯ ಚಲನೆಯ ಪಾಲೆಷ್ಟು, ನಿಯಮಿತ ದಿನಚರಿಯ ಪಾಲೆಷ್ಟು ಎಂದು ಬಿಡಿಸುವುದು ಸುಲಭವಲ್ಲ. ಔಷಧಿಯ ಜೊತೆಗೆ ಮಾಡುವುದು ಒಳ್ಳೆಯದು. ಔಷಧಿ ಬಿಟ್ಟು ಪ್ರಾಣಾಯಾಮ ಮಾಡಿದರೆ ಮಧುಮೇಹ ವಾಸಿಯಾಗುತ್ತದೆ ಎನ್ನುವವರ ಬಳಿ ಪುರಾವೆಯಿಲ್ಲ.

ನರಮಂಡಲ ಚಯಾಪಚಯವನ್ನು ಆಳುವಂತೆ ಚಯಾಪಚಯವೂ ನರಮಂಡಲವನ್ನು ಕೆಡಿಸುತ್ತದೆ. ವರ್ಷಗಟ್ಟಲೆ ಏರಿದ ಸಕ್ಕರೆ ಪಾದದ ನರಗಳನ್ನು ತಿನ್ನುವುದು ಎಲ್ಲರಿಗೂ ಗೊತ್ತು. ಸ್ವಾಯತ್ತ ನರಗಳನ್ನು ತಿನ್ನುವುದು ಅಷ್ಟಾಗಿ ಗೊತ್ತಿಲ್ಲ. ಆಗ ಎದ್ದು ನಿಂತರೆ ತಲೆ ತಿರುಗುತ್ತದೆ, ಉಂಡದ್ದು ಗಂಟೆಗಟ್ಟಲೆ ಹೊಟ್ಟೆಯಲ್ಲೇ ಕೂರುತ್ತದೆ, ವಿಶ್ರಾಂತಿಯಲ್ಲೂ ಎದೆ ವೇಗವಾಗಿ ಬಡಿಯುತ್ತದೆ, ಹೃದಯಾಘಾತವಾದರೂ ನೋವು ತಿಳಿಯದಿರಬಹುದು. ಇದರ ತಿರುಗುಮುರುಗೂ ಕಂಡಿದೆ: ಅಮೆರಿಕದ ನಾಲ್ಕು ಸಮುದಾಯಗಳಲ್ಲಿ ನಡೆದು 2003ರಲ್ಲಿ ವರದಿಯಾದ ಅಧ್ಯಯನದಲ್ಲಿ, ಮಧುಮೇಹವಿಲ್ಲದಿದ್ದರೂ ಹೃದಯದ ಸ್ವಾಯತ್ತ ನಿಯಂತ್ರಣ ಕುಂದಿದವರಿಗೆ ಮುಂದೆ ಮಧುಮೇಹ ಬರುವ ಸಾಧ್ಯತೆ ಹೆಚ್ಚಿತ್ತು. ಮಲಗಿ ಎದ್ದಾಗ ರಕ್ತದೊತ್ತಡ ಎಷ್ಟು ಇಳಿಯುತ್ತದೆ, ಆಳವಾಗಿ ಉಸಿರಾಡುವಾಗ ಹೃದಯದ ಬಡಿತ ಎಷ್ಟು ಬದಲಾಗುತ್ತದೆ ಎಂದು ನೋಡುವ ಪರೀಕ್ಷೆಗಳಿಗೆ ಕೆಲವು ನಿಮಿಷ ಸಾಕು, ದುಬಾರಿ ಯಂತ್ರವೂ ಬೇಕಿಲ್ಲ. ಹಲವು ವರ್ಷಗಳಿಂದ ಮಧುಮೇಹವಿರುವವರು, ಮುಖ್ಯವಾಗಿ ಎದ್ದು ನಿಂತಾಗ ಕಣ್ಣು ಕತ್ತಲಿಡುವವರು ಮತ್ತು ಶುಗರ್ ಲೋ ಆದಾಗ ಬೆವರು ನಡುಕಗಳೇ ಬಾರದವರು, ಮುಂದಿನ ಭೇಟಿಯಲ್ಲಿ ಇದನ್ನು ವೈದ್ಯರಿಗೆ ತಾವಾಗಿಯೇ ಹೇಳಿ ಆ ಪರೀಕ್ಷೆಗಳನ್ನು ಮಾಡಿಸಿಕೊಳ್ಳಬೇಕು.